ಒಂದು ಪರ್ಸೆಂಟಿನ ಕೇಸರಿ

ಮಾಯಿಶ್ಚರೈಸರ್ ಡಬ್ಬಿಯ ಮುಂಭಾಗದಲ್ಲಿ ಕೇಸರಿ ಎಸಳು, ಲೋಳೆಸರದ ಸೀಳು, ಬಾದಾಮಿ, ಹಾಲಿನ ಹನಿ, ಇವೆಲ್ಲದರ ನಡುವೆ ಒಣಚರ್ಮ ಎಂದರೇನೆಂದೇ ತಿಳಿಯದ ಒಬ್ಬ ತರುಣಿ. ಹಿಂಭಾಗದಲ್ಲಿ, ಕನ್ನಡಕ ಹಾಕಿಕೊಂಡವರೂ ಭೂತಗನ್ನಡಿ ಹುಡುಕುವಷ್ಟು ಸಣ್ಣ ಅಕ್ಷರದಲ್ಲಿ, ಒಂದು ಪಟ್ಟಿ. ಮುಂದಿನದನ್ನು ಬರೆಸಿದ್ದು ಜಾಹೀರಾತಿನವರು, ಹಿಂದಿನದನ್ನು ಬರೆಸಿದ್ದು ಕಾನೂನು. ನಾವು ಮುಂದಿನದನ್ನು ನೋಡಿ ದುಡ್ಡು ಎಣಿಸುತ್ತೇವೆ. ಚರ್ಮಕ್ಕೆ ಸಿಗುವುದು ಮಾತ್ರ ಹಿಂದೆ ಬರೆದದ್ದು. ಆ ಪಟ್ಟಿ ಓದಲು ರಸಾಯನಶಾಸ್ತ್ರದ ಪದವಿ ಬೇಕಿಲ್ಲ ಎಂಬುದು ನನ್ನ ವಾದ. ಓದಿದರೆ, ಅಗ್ಗದ ಡಬ್ಬಿಗೂ ದುಬಾರಿ ಡಬ್ಬಿಗೂ ಇರುವ ಅಂತರದ ಬಹುಪಾಲು ಒಂದು ಪರ್ಸೆಂಟಿನ ಒಳಗೇ ಮುಗಿದುಹೋಗುತ್ತದೆ ಎಂಬುದೂ ತಿಳಿಯುತ್ತದೆ.

ಸರ್ಕಾರಿ ಸಮಾರಂಭದ ಆಮಂತ್ರಣ ಪತ್ರಿಕೆ ಓದಬಲ್ಲವರು ಇದನ್ನೂ ಓದಬಲ್ಲರು, ಏಕೆಂದರೆ ಇಲ್ಲೂ ಶಿಷ್ಟಾಚಾರವೇ ಎಲ್ಲ. ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಒಂದು ಪರ್ಸೆಂಟಿಗಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲೇ ಬರೆಯಬೇಕು. ಅದಕ್ಕಿಂತ ಕಡಿಮೆಯವನ್ನು ಆಮೇಲೆ ಹೇಗೆ ಬೇಕಾದರೂ ಜೋಡಿಸಬಹುದು. ಅಧ್ಯಕ್ಷತೆ ಸಾಮಾನ್ಯವಾಗಿ ನೀರಿನದು, ಅಕ್ವಾ ಎಂಬ ಲ್ಯಾಟಿನ್ ಪೇಟ ಸುತ್ತಿಕೊಂಡು. ವೇದಿಕೆಯ ಮೇಲೆ ಗ್ಲಿಸರಿನ್, ಮಿನರಲ್ ಆಯಿಲ್, ಸ್ಟಿಯರಿಕ್ ಆಸಿಡ್, ಡೈಮೆಥಿಕೋನ್. ಗಣ್ಯರ ಸಾಲು ಎಲ್ಲಿಗೆ ಮುಗಿಯಿತೆಂದು ತಿಳಿಯಲು ಫಿನಾಕ್ಸಿಎಥೆನಾಲ್ ಎಂಬ ಸಂರಕ್ಷಕವನ್ನು ಹುಡುಕಿ. ಯುರೋಪಿನ ಕಾನೂನು ಅದಕ್ಕೆ ಒಂದು ಪರ್ಸೆಂಟಿನ ಮಿತಿ ಹಾಕಿದೆ. ಹಾಗಾಗಿ ಅದರ ಹಿಂದೆ ನಿಂತವರು ಯಾರೂ ಒಂದು ಪರ್ಸೆಂಟ್ ದಾಟಿದವರಲ್ಲ. ನಮ್ಮ ಕೇಸರಿ ಸಿಗುವುದು ಬಹುತೇಕ ಅಲ್ಲೇ, ಸುಗಂಧ ಮತ್ತು ಬಣ್ಣಗಳ ಆಸುಪಾಸಿನಲ್ಲಿ. ಫ್ಲೆಕ್ಸಿನಲ್ಲಿ ಆಳೆತ್ತರದ ಫೋಟೊ, ಸಭೆಯಲ್ಲಿ ಕೊನೇ ಸಾಲಿನ ಪ್ಲಾಸ್ಟಿಕ್ ಕುರ್ಚಿ.

ಹಾಗಾದರೆ ವೇದಿಕೆಯ ಮೇಲಿನವರು ಮಾಡುವುದೇನು? ಕೆಲಸ ಇರುವುದು ಮೂರೇ: ನೀರನ್ನು ಸೆಳೆದಿಡುವುದು, ಒರಟನ್ನು ನುಣುಪು ಮಾಡುವುದು, ಇರುವ ನೀರು ಆವಿಯಾಗದಂತೆ ಮುಚ್ಚುವುದು. ಸೆಳೆಯುವುದರಲ್ಲಿ ಗ್ಲಿಸರಿನ್ನಿನದು ಹಳೇ ಕೈ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ ಅದನ್ನು ಆಲಿವ್ ಎಣ್ಣೆಯಿಂದ ಬೇರ್ಪಡಿಸಿದ್ದು 1779ರಲ್ಲಿ. ಸೋಪು ಮಾಡುವಾಗ ತಾನಾಗಿ ಹುಟ್ಟುವ ಪದಾರ್ಥವಾದ್ದರಿಂದ ಬೆಲೆಯೂ ಇಲ್ಲ, ಗತ್ತೂ ಇಲ್ಲ. ಅದರ ಜೊತೆಗಾರ ಯೂರಿಯಾ. ಹೌದು, ಮುಂಗಾರಿನಲ್ಲಿ ಸೊಸೈಟಿ ಮುಂದೆ ರೈತರು ಸರದಿ ನಿಲ್ಲುವ ಅದೇ ಯೂರಿಯಾ. ನಮ್ಮ ಚರ್ಮದ ಮೇಲ್ಪದರದಲ್ಲಿ ಅದು ಸಹಜವಾಗಿಯೇ ಇದೆ. ಹತ್ತು ಪರ್ಸೆಂಟ್ ಇದ್ದರೆ ಚರ್ಮಕ್ಕೆ ತೇವ, ಇಪ್ಪತ್ತು ದಾಟಿದರೆ ಗಟ್ಟಿಬಿದ್ದ ಹಿಮ್ಮಡಿಯೂ ಮೆತ್ತಗಾಗುತ್ತದೆ. 45 ಕೆ.ಜಿ. ಚೀಲ ಮುನ್ನೂರು ರೂಪಾಯಿಗೂ ಕಡಿಮೆಗೆ ಸಿಗುವಾಗ ಟ್ಯೂಬು ಏಕೆ ಎಂದು ಯಾರೂ ಲೆಕ್ಕ ಹಾಕಬೇಡಿ. ಗೊಬ್ಬರ ಹೊಲಕ್ಕೇ ಇರಲಿ. ಮುಚ್ಚುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದವರಿಲ್ಲ. ಅಮೆರಿಕದ ಎಣ್ಣೆಬಾವಿಗಳಲ್ಲಿ ಕೊರೆಯುವ ಸರಳಿಗೆ ಮೆತ್ತಿಕೊಳ್ಳುತ್ತಿದ್ದ ಜಿಡ್ಡನ್ನು ಕೆಲಸಗಾರರು ಸುಟ್ಟಗಾಯಕ್ಕೆ ಹಚ್ಚುವುದನ್ನು ಕಂಡ ರಾಬರ್ಟ್ ಚೀಸ್‌ಬ್ರೊ, ಅದನ್ನು ಶುದ್ಧಗೊಳಿಸಿ 1872ರಲ್ಲಿ ವ್ಯಾಸಲೀನ್ ಎಂದು ಪೇಟೆಂಟ್ ಪಡೆದ. ಒಂದೂವರೆ ಶತಮಾನ ಕಳೆದರೂ ಒಡೆದ ತುಟಿಗೆ ಅದೇ ಗತಿ.

ಒಂದು ಪರ್ಸೆಂಟೆಂದರೆ ಅಷ್ಟು ಹಗುರವೇ, ಅಷ್ಟರಲ್ಲೂ ಕೆಲಸ ಮಾಡುವವು ಇಲ್ಲವೇ ಎಂದು ಕೇಳಬಹುದು. ಇವೆ. ರೆಟಿನಾಲ್‌ಗೆ ಒಂದು ಪರ್ಸೆಂಟೂ ಬೇಕಿಲ್ಲ. ಹಯಲುರಾನಿಕ್ ಆಸಿಡ್ಡನ್ನು ಅದಕ್ಕಿಂತ ಹೆಚ್ಚು ಹಾಕಿದರೆ ಕ್ರೀಮು ಅಂಟುಲೋಳೆಯಾದೀತು. ಆದರೆ ಆ ವಿನಾಯಿತಿ ಪ್ರಯೋಗಗಳಿಂದ ಗಳಿಸಿದ್ದು. ಕೇಸರಿ, ಮುತ್ತಿನ ಪುಡಿ, ಚಿನ್ನದ ಭಸ್ಮಗಳಿಗೆ ಅದನ್ನು ಪುಕ್ಕಟೆ ಕೊಡುವುದೇಕೆ? ಪಟ್ಟಿ ಬೆರಸುವ ವಿದ್ಯೆಯನ್ನು ಹೇಳುವುದಿಲ್ಲ ಎಂಬ ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಅದೇ ಎಣ್ಣೆ, ಅದೇ ನೀರು ಒಬ್ಬರ ಕೈಯಲ್ಲಿ ರೇಷ್ಮೆಯಾದರೆ ಇನ್ನೊಬ್ಬರ ಕೈಯಲ್ಲಿ ಗ್ರೀಸು. ಒಪ್ಪಿದೆ. ಆದರೆ ಆ ವಿದ್ಯೆಯನ್ನು ಬೆರಳ ತುದಿ ಅರೆ ನಿಮಿಷದಲ್ಲಿ ಪರೀಕ್ಷಿಸುತ್ತದೆ, ಅದಕ್ಕೆ ಬೆಲೆಯ ಚೀಟಿಯ ಸಾಕ್ಷಿ ಬೇಕಿಲ್ಲ.

ಇನ್ನು ‘ಕೆಮಿಕಲ್ ಇಲ್ಲದ್ದು ಕೊಡಿ’ ಎನ್ನುವವರು. ನೀರೇ ಕೆಮಿಕಲ್ ಎಂದು ಅವರ ಬಾಯಿ ಮುಚ್ಚಿಸುವುದು ಸುಲಭ, ಆದರೆ ಅದು ಉತ್ತರವಲ್ಲ. ಪ್ಯಾರಾಬೆನ್ ಎಂಬ ಸಂರಕ್ಷಕಗಳ ಕತೆ ಕೇಳಿ. 2004ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಸ್ತನದ ಗಡ್ಡೆಗಳಲ್ಲಿ ಅವುಗಳ ಅಂಶ ಕಂಡಿತು. ಗಡ್ಡೆಗೆ ಅವೇ ಕಾರಣ ಎಂದು ಸಾಬೀತು ಮಾಡಿರಲಿಲ್ಲ. ಭಯಕ್ಕೆ ಅಷ್ಟು ಸಾಕಿತ್ತು. ಡಬ್ಬಿಗಳ ಮೇಲೆ ‘ಪ್ಯಾರಾಬೆನ್ ರಹಿತ’ ಎಂಬ ಬಿರುದು ಬಂತು, ಹಲವು ಕಡೆ ಒಳಗೆ ಮೀಥೈಲ್‌ಐಸೊಥಯಜೊಲಿನೋನ್ ಎಂಬ ಬದಲಿ ಸಂರಕ್ಷಕ ಬಂತು, ಅದರ ಹಿಂದೆಯೇ ತುರಿಕೆಯೂ ಬಂತು. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಎಂದು ಸಾರಿತು. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಯುರೋಪು ಅದನ್ನು 2017ರಿಂದ ನಿಷೇಧಿಸಿತು. 2019ರಲ್ಲಿ ಅದೇ ಸೊಸೈಟಿ ಪ್ಯಾರಾಬೆನ್ನುಗಳನ್ನು ವರ್ಷದ ‘ಅಲರ್ಜಿಕಾರಕವಲ್ಲದ್ದು’ ಎಂದು ಗೌರವಿಸಿತು. ಪಾಪದ ಹಳಬರನ್ನು ಓಡಿಸಿ ಪುಂಡನಿಗೆ ಮನೆ ಬಾಡಿಗೆ ಕೊಟ್ಟಂತಾಯಿತು. ಇತ್ತ ಅಜ್ಜಿಯ ಎಣ್ಣೆಯ ಪರ ನಿಲ್ಲುವವರಿಗೆ ಅರ್ಧ ಗೆಲುವು ಇದೆ: 2004ರಲ್ಲೇ ಫಿಲಿಪ್ಪೀನ್ಸ್‌ನಲ್ಲಿ ಒಣಚರ್ಮದ 34 ಜನರ ಮೇಲೆ ನಡೆದ ಪ್ರಯೋಗದಲ್ಲಿ ತೆಂಗಿನೆಣ್ಣೆ ಮಿನರಲ್ ಆಯಿಲ್‌ಗೆ ಸರಿಸಮವಾಗಿ ನಿಂತಿತು. ಗಮನಿಸಿ, ಸಮವಾಗಿ, ಮೇಲಾಗಿ ಅಲ್ಲ. ಅಷ್ಟೇ ಸಹಜವಾದ ಆಲಿವ್ ಎಣ್ಣೆಯಂತೂ ಚರ್ಮದ ರಕ್ಷಣೆಯನ್ನೇ ದುರ್ಬಲಗೊಳಿಸುತ್ತದೆಂದು ಇಂಗ್ಲೆಂಡಿನ ಇನ್ನೊಂದು ಅಧ್ಯಯನ ತೋರಿಸಿತು. ಮರದಿಂದ ಬಂತೋ ಬಾವಿಯಿಂದ ಬಂತೋ ಎಂದು ಚರ್ಮ ಜಾತಕ ಕೇಳುವುದಿಲ್ಲ.

ಕೊನೆಗೆ ಉಳಿಯುವುದು, ದುಬಾರಿಯದನ್ನು ಹಚ್ಚಿದರೆ ಹಿತವಾಗಿರುತ್ತದೆ ಎಂಬ ಮಾತು. ಇದಕ್ಕೆ ನನ್ನ ಬಳಿ ಪ್ರತಿವಾದವಿಲ್ಲ. ಹಚ್ಚಲು ಮನಸ್ಸಾಗದ ಕ್ರೀಮಿನಷ್ಟು ನಿಷ್ಪ್ರಯೋಜಕ ಇನ್ನೊಂದಿಲ್ಲ. ಹಿತಕ್ಕೆ ದುಡ್ಡು ಕೊಡಿ, ಧಾರಾಳವಾಗಿ ಕೊಡಿ, ಔಷಧಿಯ ಲೆಕ್ಕದಲ್ಲಿ ಮಾತ್ರ ಬರೆಯಬೇಡಿ. 50 ಗ್ರಾಂ ಮುಖದ ಕ್ರೀಮನ್ನೂ 400 ಮಿ.ಲೀ. ಮೈಯ ಲೋಶನ್ನನ್ನೂ ಅಂಗಡಿಯಲ್ಲೇ ಬೆನ್ನು ತಿರುಗಿಸಿ ಅಕ್ಕಪಕ್ಕ ಇಟ್ಟು ನೋಡಿ: ಮೊದಲ ನಾಲ್ಕಾರು ಹೆಸರುಗಳು ಒಂದೇ ಆಗಿರುವುದುಂಟು, ಕತ್ತಿನ ಮೇಲಿನ ಚರ್ಮಕ್ಕೆ ಮಾತ್ರ ದರ ಬೇರೆ. ಮೊಡವೆ ಏಳುವ ಮುಖಕ್ಕೆ ದಪ್ಪ ಲೋಶನ್ ಒಗ್ಗದಿರಬಹುದು, ಅದು ನಿಜ. ಉಳಿದವರು ಸ್ನಾನ ಮುಗಿಸಿ ಮೈ ಇನ್ನೂ ಹಸಿಯಿರುವಾಗಲೇ ಅಗ್ಗದ್ದನ್ನೇ ಹಚ್ಚಿಕೊಂಡರೆ ಗ್ಲಿಸರಿನ್ನಿಗೆ ಹಿಡಿದಿಡಲು ಬೇಕಾದ ನೀರು ಅಲ್ಲೇ ಸಿಗುತ್ತದೆ, ಅದೂ ನಲ್ಲಿಯ ದರದಲ್ಲಿ.