ಭಾರಿ ವಾಹನ ದರ್ಶನ ಮೀಮಾಂಸೆ

ಲಕ್ಷಣ

ಯಾವುದರ ಸದ್ದು ಕೇಳಿ ಕ್ಷೌರಕ್ಕೆ ಕೂತವನು ಅರ್ಧ ಗಡ್ಡದಲ್ಲೇ ಎದ್ದು ಬಾಗಿಲಿಗೆ ಬರುತ್ತಾನೋ ಅದೇ ಭಾರಿ ವಾಹನ. ಸರ್ಕಾರದ ಲೆಕ್ಕ ಬೇರೆ. 2018ರಲ್ಲಿ ಪರಿಷ್ಕರಿಸಿದ ಮಿತಿಯಂತೆ ಎರಡು ಆಕ್ಸೆಲ್‌ನ ಲಾರಿ ಹೊರೆ ಸಮೇತ 18.5 ಟನ್ ತೂಗಬಹುದು. ಆದರೆ ಟನ್ನು ವೇಬ್ರಿಡ್ಜಿನವನಿಗೆ ಬೇಕಾದ ಮಾನ. ನಮ್ಮ ಶಾಸ್ತ್ರಕ್ಕೆ ಬೇಕಾದ್ದು, ವಾಹನ ಹಾದಾಗ ಕೈಗೆಲಸ ಬಿಟ್ಟು ನಿಂತವರ ತಲೆಯೆಣಿಕೆ. ಈ ಮಾನದಲ್ಲಿ ಕಬ್ಬಿನ ಡಬಲ್ ಟ್ರೇಲರ್ ಟ್ರ್ಯಾಕ್ಟರು ಮಂಡ್ಯದಲ್ಲೂ ಬಾಗಲಕೋಟೆಯಲ್ಲೂ ತೀರಾ ಹಗುರ. ಅದು ಎಷ್ಟೇ ಜೋರಾಗಿ ಹಾಡು ಹಾಕಿಕೊಂಡು ಬಂದರೂ ಹಿರಿಯರು ತಲೆಯೆತ್ತುವುದಿಲ್ಲ. ಹುಡುಗರು ಹಿಂದೆ ಓಡುವುದು ನಿಜ; ಆದರೆ ಅದು ಜಲ್ಲೆಗಾಗಿ, ಜ್ಞಾನಕ್ಕಾಗಿ ಅಲ್ಲ.

ಪೂರ್ವಸೂರಿಗಳು

ಟೈರು ಹುಟ್ಟುವ ಮೊದಲೇ ಈ ಶಾಸ್ತ್ರವಿತ್ತು. ತೇರಿನ ದಿನ ಹಗ್ಗ ಹಿಡಿದವರು ಎಳೆಯುತ್ತಾರೆ, ಸನ್ನೆ ಹಾಕುವವರು ಚಕ್ರದ ದಿಕ್ಕು ತಿದ್ದುತ್ತಾರೆ, ಜಗಲಿಯ ಮೇಲೆ ನಿಂತವರು ಹಣ್ಣು-ದವನದ ಜೊತೆಗೆ ಸಲಹೆಯನ್ನೂ ಎಸೆಯುತ್ತಾರೆ. ಹಂಪಿಯ ಕಲ್ಲಿನ ರಥ ನಿಂತಲ್ಲೇ ನಿಂತಿರುವುದು ವಿಜಯನಗರದ ಆರ್‌ಟಿಒ ಪರ್ಮಿಟ್ ಕೊಡದ ಕಾರಣ ಎಂಬುದು ಒಂದು ಪಂಥ. ಅದು ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ, ಚಲಿಸುವ ಮಾತೇ ಇಲ್ಲ ಎಂಬುದು ಇನ್ನೊಂದು. ಎರಡನೆಯದಕ್ಕೆ ಆಧಾರವಿದೆ, ಮೊದಲನೆಯದಕ್ಕೆ ಅನುಯಾಯಿಗಳಿದ್ದಾರೆ.

ಶ್ರವಣಬೆಳಗೊಳದಲ್ಲಿ ಚಾವುಂಡರಾಯ 58 ಅಡಿಯ ಗೊಮ್ಮಟನನ್ನು ಬೆಟ್ಟದ ಬಂಡೆಯಲ್ಲೇ ಕಡೆಸಿ ಸಾಗಾಟದ ಖರ್ಚು ಉಳಿಸಿದ, ನೋಡುಗರಿಗೆ ಮೋಸವಾಯಿತು. ಆ ಕೊರತೆಯನ್ನು ತುಂಬಿಕೊಟ್ಟಿದ್ದು ತುಳುನಾಡು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿ, 1973ರಲ್ಲಿ ಟ್ರಾಲಿಯ ಮೇಲೆ ಮಲಗಿಕೊಂಡೇ ಧರ್ಮಸ್ಥಳಕ್ಕೆ ಹೊರಟಾಗ ದಾರಿಯುದ್ದಕ್ಕೂ ಊರಿಗೆ ಊರೇ ಬಂದು ನಿಂತಿತು. 1982ರ ಪ್ರತಿಷ್ಠಾಪನೆಗೆ ಕಾಯದೆ ರಸ್ತೆ ಬದಿಯಲ್ಲೇ ದರ್ಶನ ಮುಗಿಸಿಕೊಂಡ ಆ ಮಹನೀಯರೇ ನಮ್ಮ ಶಾಸ್ತ್ರದ ಆಚಾರ್ಯರು.

ಭೇದಗಳು

ಭಾರಿ ವಾಹನ ಮೂರು ಬಗೆ: ಕೆಲಸ ಮುಗಿಸಿ ಹೋಗುವುದು, ಕೆಲಸ ಮುಗಿಯದೆ ಹೋಗುವುದು, ಹೋಗಲಾಗದೆ ಉಳಿಯುವುದು.

ಸುಗ್ಗಿಯಲ್ಲಿ ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಿಳಿಯುವ ಕಟಾವು ಯಂತ್ರ ಮೊದಲನೆಯ ಬಗೆ. ಬಾಡಿಗೆ ಗಂಟೆಯ ಲೆಕ್ಕದಲ್ಲಿರುವುದರಿಂದ ಇದನ್ನು ನೆಮ್ಮದಿಯಾಗಿ ನೋಡುವುದು ಬೆಳ್ಳಕ್ಕಿಗಳು ಮಾತ್ರ. ರೈತನ ಕಣ್ಣು ಗಡಿಯಾರದ ಮೇಲೆ.

ಎರಡನೆಯದು ಬೋರ್‌ವೆಲ್ ಲಾರಿ. ಇದು ಜೋಡಿಯಾಗಿಯೇ ಬರುತ್ತದೆ: ಒಂದರಲ್ಲಿ ರಿಗ್ಗು, ಇನ್ನೊಂದರಲ್ಲಿ ರಾಡು, ಡೀಸೆಲ್ಲು, ಅಡುಗೆ ಪಾತ್ರೆ. ನಂಬರ್ ಪ್ಲೇಟಿನಲ್ಲಿ ಟಿಎನ್ 34 ಇದ್ದರೆ ತಿರುಚೆಂಗೋಡಿನ ಗಾಡಿ ಎಂದು ಬಲ್ಲವರು ದೂರದಿಂದಲೇ ಹೇಳುತ್ತಾರೆ. ನೀರು ನೋಡುವವನ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ ಜಾಗದಲ್ಲಿ ಊದುಬತ್ತಿ ಹಚ್ಚಿ ಕೊರೆಯಲು ಶುರು. ರಾಡೊಂದಕ್ಕೆ 20 ಅಡಿ. ಐವತ್ತನೆಯದು ಇಳಿದರೆ ಸಾವಿರ. ಆಳ ಹೆಚ್ಚಿದಂತೆ ಅಡಿಯ ದರವೂ ಏರುತ್ತದೆ. ಹೊಲದ ಯಜಮಾನ ಮೂಗಿಗೆ ಟವೆಲ್ ಕಟ್ಟಿಕೊಂಡು, ಚಿಮ್ಮುವ ಬೂದು ಪುಡಿಯನ್ನು ಅಂಗೈಗೆ ಹಿಡಿದು ತಿಕ್ಕಿ ತೇವ ಹುಡುಕುತ್ತಾನೆ. ಬೇವಿನ ನೆರಳಲ್ಲಿ ಕೂತ ಮೀಮಾಂಸಕರು ಅಲ್ಲಿಂದಲೇ, "ಇನ್ನೊಂದೈವತ್ತಡಿ ಹೊಡ್ಸಿಬಿಡಿ ಗೌಡ್ರೇ, ಬಂಡೆ ಒಡೀತೈತೆ" ಅನ್ನುತ್ತಾರೆ. ದುಡ್ಡು ಗೌಡರದು, ಧೈರ್ಯ ನೋಡುಗರದು.

ಮೂರನೆಯದೇ ಶ್ರೇಷ್ಠ. ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡದ ಸೀಮೆಗಳಲ್ಲಿ ಗಾಳಿಯಂತ್ರ ನಿಲ್ಲತೊಡಗಿದ ಮೇಲೆ ಅದರ ರೆಕ್ಕೆ ಹೊತ್ತ ಟ್ರೇಲರು ಹಳ್ಳಿಗಳಿಗೆ ಪ್ರಾಪ್ತವಾಯಿತು. ಈಗಿನ ದೊಡ್ಡ ರೆಕ್ಕೆಯೊಂದು 50 ಮೀಟರಿಗೂ ಮಿಕ್ಕಿ ಉದ್ದ. ನಾಲ್ಕು ಸಾರಿಗೆ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಂತೆ. ಊರಿನ ತಿರುವು ಎತ್ತಿನ ಗಾಡಿಯ ಅಳತೆಯದು. ಡ್ರೈವರ್ ಮುಂದಿನ ಕ್ಯಾಬಿನ್ನಿನಲ್ಲಿದ್ದರೆ, ಹಿಂದಿನ ಚಕ್ರಗಳನ್ನು ತಿರುಗಿಸುವವನು ಇನ್ನೊಬ್ಬ. ಇಬ್ಬರಿಗೂ ಪರಸ್ಪರ ಮುಖ ಕಾಣದು. ಮೇಲೆ ಹತ್ತಿದವನು ಬಿದಿರುಗಳುವಿನಿಂದ ಕೇಬಲ್ ವೈರನ್ನು ಎತ್ತಿ ಹಿಡಿಯುತ್ತಾನೆ. ಲೈನ್‌ಮನ್ ಎಲ್‌ಸಿ ತಗೊಂಡು, ಅಂದರೆ ಲೈನಿನ ಕರೆಂಟು ತೆಗೆಸಿಕೊಂಡು, ಕಂಬ ಹತ್ತುತ್ತಾನೆ. ಅರಳಿಮರದ ಕೊಂಬೆಗೆ ಕೊಡಲಿ ಬೀಳುತ್ತದೆ. ರೆಕ್ಕೆಯ ತುದಿ ಹೋಟೆಲಿನ ತಗಡಿನ ಮಾಡಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಊರೇ ಕಂಡಕ್ಟರಾಗುತ್ತದೆ: "ಬರ್ಲಿ, ಬರ್ಲಿ, ಬರ್ಲಿ... ಓಲ್ಡಾನ್!" ಆಜ್ಞೆ ನಾಲ್ಕು ದಿಕ್ಕಿನಿಂದ, ನಾಲ್ಕು ಬಗೆಯಾಗಿ ಬರುತ್ತದೆ. ಡ್ರೈವರ್‌ಗೆ ಹೆಚ್ಚಾಗಿ ಹಿಂದಿ ಮಾತ್ರ ಬರುವುದರಿಂದ ಅನಾಹುತ ತಪ್ಪುತ್ತದೆ.

ಪೂರ್ವಪಕ್ಷ

ಇದೆಲ್ಲ ಕೆಲಸವಿಲ್ಲದವರ ಕೆಲಸ. ಹೋಗುವ ಗಾಡಿಯನ್ನು ನೋಡಿದರೆ ಹೊಟ್ಟೆ ತುಂಬುತ್ತದೆಯೇ? ಹೀಗೆಂದು ಆಕ್ಷೇಪಿಸುವವರು ಸಾಮಾನ್ಯವಾಗಿ ಅದೇ ಗಾಡಿಯ ಹಿಂದೆ ಕಾರಿನಲ್ಲಿ ಸಿಕ್ಕಿಕೊಂಡವರು. ಅವರ ತರ್ಕದಲ್ಲಿ ಹಾರ್ನೇ ಹೆಚ್ಚು.

ಸಿದ್ಧಾಂತ

ಕರೆಂಟು ಹುಟ್ಟಿಸುವ ಯಂತ್ರ ಹಾದುಹೋಗಲೆಂದು ಊರಿನ ಕರೆಂಟು ತೆಗೆಯಬೇಕಾಯಿತು ಎಂಬುದನ್ನು ವಿದ್ವಾಂಸರು ಗಮನಿಸಬೇಕು. ಗುಡ್ಡದ ಮೇಲೆ ತಿರುಗುವ ರೆಕ್ಕೆಯ ಕರೆಂಟು ಗ್ರಿಡ್ಡಿಗೆ ಹೋಗುತ್ತದೆ. ಊರಿನ ಪಾಲಿಗೆ ಉಳಿದಿದ್ದು ಕಡಿದ ಕೊಂಬೆ, ಜಗ್ಗಿದ ವೈರು, ಅರ್ಧಕ್ಕೆ ನಿಂತ ಹಿಟ್ಟಿನ ಗಿರಣಿ. ಗಾತ್ರ ಹೆಚ್ಚಿದಷ್ಟೂ ವಾಹನ ಊರಿನ ಕೆಲಸಕ್ಕೆ ಬಂದದ್ದಲ್ಲ ಎಂಬುದೇ ಈ ಶಾಸ್ತ್ರದ ಮೂಲಸೂತ್ರ. ಬೋರ್‌ವೆಲ್ ಲಾರಿ ಚಿಕ್ಕದು, ಅದಕ್ಕೇ ಅದು ಊರಿನವನ ಹೊಲಕ್ಕಿಳಿಯುತ್ತದೆ, ಊರಿನವನ ಸಾಲದಲ್ಲಿ ಕೊರೆಯುತ್ತದೆ. ದೊಡ್ಡದಕ್ಕೆ ಊರು ಒಂದು ತಿರುವು ಮಾತ್ರ. ಆ ತಿರುವಿನಲ್ಲಿ ಅದನ್ನು ತಡೆದು ನಿಲ್ಲಿಸಿ, ಕಣ್ತುಂಬ ನೋಡಿ, ಕೇಳದಿದ್ದರೂ ನೂರು ಸಲಹೆ ಹೇಳಿ ಕಳಿಸುವುದು ಊರಿನವರು ವಸೂಲು ಮಾಡುವ ಟೋಲು. ಇದಕ್ಕೆ ರಸೀದಿ ಇಲ್ಲ, ಫಾಸ್ಟ್ಯಾಗ್ ನಡೆಯುವುದಿಲ್ಲ, ವಿಐಪಿಗಳಿಗೂ ವಿನಾಯಿತಿ ಇಲ್ಲ.

ಫಲಶ್ರುತಿ

ಇದನ್ನು ಮುಂಜಾನೆ ಪಠಿಸಿದವರಿಗೆ ಕಿರಿದಾದ ಸೇತುವೆಯ ಮೇಲೆ ರಿವರ್ಸ್ ತೆಗೆಯುವ ಯೋಗ ಬಾರದು. ಮಧ್ಯಾಹ್ನ ಪಠಿಸಿದವರ ಬೋರಿನಲ್ಲಿ ಮೂರಿಂಚು ನೀರು ಬೀಳುವುದು. ರಾತ್ರಿ ಪಠಿಸಿದವರಿಗೆ, ಹೊಳೆಯ ಕಡೆಯಿಂದ ಸಾಲಾಗಿ ಬರುವ ಮರಳಿನ ಟಿಪ್ಪರುಗಳ ಸದ್ದೂ ಕೇಳಿಸದಷ್ಟು ಗಾಢ ನಿದ್ದೆ ಹತ್ತುವುದು. ಇಡೀ ಶಾಸ್ತ್ರದಲ್ಲಿ ಊರಿನವರಾರೂ ಕಣ್ಣಾರೆ ಕಾಣದ ವಾಹನ ಅದೊಂದೇ. ತಹಶೀಲ್ದಾರರು ಬಂದು ವಿಚಾರಿಸಿದ ದಿನ ಈ ಅಜ್ಞಾನ ಎಲ್ಲ ಜ್ಞಾನಕ್ಕಿಂತ ಹೆಚ್ಚು ಬಾಳುತ್ತದೆ.