ಉತ್ತರ ಮುಂದಿನ ಸಂಚಿಕೆಯಲ್ಲಿ

ಕನ್ನಡದ ಪತ್ರಿಕೆಗಳಲ್ಲಿ ಅತಿ ಹೆಚ್ಚು ಸಲ ಅಚ್ಚಾದ ವಾಕ್ಯ ಯಾವುದೆಂದು ಯಾರೂ ಲೆಕ್ಕ ಹಾಕಿದಂತಿಲ್ಲ. ಹಾಕಿದರೆ ‘ಓದುಗರ ಪ್ರಶ್ನೆಗಳಿಗೆ ಮುಂದಿನ ಸಂಚಿಕೆಗಳಲ್ಲಿ ಉತ್ತರಿಸಲಾಗುವುದು’ ಎಂಬುದಕ್ಕೇ ಬಹುಮಾನ ಎಂದು ನಾನು ಪಣ ಕಟ್ಟಬಲ್ಲೆ. ಎಂಥ ಸುಭದ್ರ ವಾಕ್ಯ! ಉತ್ತರಿಸುವವರು ಯಾರು ಎಂದು ಹೇಳಿಲ್ಲ. ಯಾವ ಸಂಚಿಕೆ ಎಂದೂ ಹೇಳಿಲ್ಲ. ಪತ್ರಿಕೆ ಬದುಕಿರುವಷ್ಟು ಕಾಲ ವಾಯಿದೆ ಇದೆ. ಪತ್ರಿಕೆ ಕಣ್ಣು ಮುಚ್ಚಿದರೆ ಪ್ರಶ್ನೆಗೂ ಅದರ ಜೊತೆಗೇ ತಿಥಿ. ಓದುಗನಿಗೂ ಒಂದು ಸಮಾಧಾನ: ತನ್ನನ್ನು ಯಾರೂ ತಿರಸ್ಕರಿಸಿಲ್ಲ, ಸ್ವೀಕರಿಸಿ ಕೂರಿಸಿದ್ದಾರೆ ಅಷ್ಟೆ.

ಉತ್ತರ ಮುಂದೂಡುವ ಈ ಕಲೆಗೆ ಅಡ್ಡಗಾಲು ಹಾಕಿದವರು ನಮ್ಮ ಕೆಲವು ಹಿರಿಯರು. ಶಿವರಾಮ ಕಾರಂತರಿಗೆ ಯಾರು ಪತ್ರ ಬರೆದರೂ ಕಾರ್ಡಿನಲ್ಲಿ ನಾಲ್ಕು ಸಾಲಿನ ಉತ್ತರ ಬಂದುಬಿಡುತ್ತಿತ್ತು. ಅದು ಸಾಲದೆಂದು, ಮಕ್ಕಳು ಇನ್ನೂ ಕೇಳಿರದ ಪ್ರಶ್ನೆಗಳಿಗೂ ಮುಂಗಡವಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದಿಟ್ಟರು. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಎಂಬ ಪ್ರಶ್ನೋತ್ತರ ಅಂಕಣ ಶುರುಮಾಡಿದಾಗ ಅವರಿಗೆ ಎಪ್ಪತ್ತೇಳು ದಾಟಿತ್ತು. ಆ ವಯಸ್ಸಿನಲ್ಲಿ ‘ಪರಿಶೀಲಿಸಲಾಗುವುದು’ ಎಂದು ಹೇಳಿ ಹಾಯಾಗಿ ಕೂರಬಹುದಿತ್ತು. ಕೂರಲಿಲ್ಲ, ವಾರವಾರವೂ ಉತ್ತರಿಸಿದರು. ಬೀಚಿಯವರಂತೂ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟು, ಆ ಪ್ರಶ್ನೋತ್ತರಗಳ ಪುಸ್ತಕಕ್ಕೆ ‘ಉತ್ತರ ಭೂಪ’ ಎಂದು ಹೆಸರಿಟ್ಟರು. ಇಂಥವರಿಂದ ಓದುಗರು ಕೆಟ್ಟುಹೋದರು. ಕೇಳಿದರೆ ಉತ್ತರ ಬರುತ್ತದೆ ಎಂಬ ಮೂಢನಂಬಿಕೆ ಕೆಲವರಲ್ಲಿ ಇನ್ನೂ ಉಳಿದಿದೆ.

ಈ ರೋಗಕ್ಕೆ ಮದ್ದು ಬೇಕಾದವರು ಚೇರಂಬಾಡಿಗೆ ಹೋಗಬೇಕು.

ನೀಲಗಿರಿ ಜಿಲ್ಲೆಯ ಪಂದಲೂರು ತಾಲ್ಲೂಕಿನ ಕೊನೆಯ ಮೂಲೆ ಅದು. ಚೋಲಾಡಿ ಚೆಕ್‌ಪೋಸ್ಟ್ ದಾಟಿದರೆ ವಯನಾಡು. ಟೀ ಗಿಡ, ಮಳೆ, ಆನೆ ಮೂರಕ್ಕೂ ಅಲ್ಲಿ ಬರವಿಲ್ಲ. ಪ್ರಶ್ನೆಗಳಿಗೂ ಇಲ್ಲ. ತಮಿಳಿನಲ್ಲಿ ಕೇಳುವವರಿದ್ದಾರೆ, ಮಲಯಾಳದಲ್ಲಿ ಕೇಳುವವರಿದ್ದಾರೆ, ಕನ್ನಡಕ್ಕೆ ನಂಟಿರುವ ನುಡಿಯಾಡುವ ಕಾಟ್ಟುನಾಯಕರಿದ್ದಾರೆ. ಭಾಷೆ ಯಾವುದಾದರೂ ಸಿಗುವ ಉತ್ತರ ಒಂದೇ ಆಗಿರುವುದರಿಂದ ಅಲ್ಲಿ ಭಾಷಾ ಜಗಳವಿಲ್ಲ.

ಆ ಊರಿನ ಅರ್ಧ ಚರಿತ್ರೆಯೇ ಒಂದು ‘ಮುಂದಿನ ಸಂಚಿಕೆ’ಯಿಂದ ಹುಟ್ಟಿದ್ದು. 1964ರ ಅಕ್ಟೋಬರ್ 30ರಂದು ನಮ್ಮ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿಲೋನಿನ (ಇಂದಿನ ಶ್ರೀಲಂಕಾದ) ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಒಂದು ಒಪ್ಪಂದ ಮಾಡಿಕೊಂಡರು. ಸಿಲೋನಿನ ಟೀ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ, ಯಾವ ದೇಶಕ್ಕೂ ಸೇರದ 9,75,000 ಜನರನ್ನು ಹಂಚಿಕೊಳ್ಳಬೇಕಿತ್ತು. ಭಾರತಕ್ಕೆ 5,25,000. ಸಿಲೋನಿಗೆ 3,00,000. ಒಟ್ಟು ಕೂಡಿಸಿ ನೋಡಿ, 1,50,000 ಜನ ಉಳಿಯುತ್ತಾರೆ. ಅವರು ಯಾರ ಪಾಲು? ಅದನ್ನು ಮುಂದೆ ಪ್ರತ್ಯೇಕವಾಗಿ ತೀರ್ಮಾನಿಸಲಾಗುವುದು! ಒಂದೂವರೆ ಲಕ್ಷ ಜನರನ್ನು, ಅವರ ಮಕ್ಕಳು ಮರಿ ಪಾತ್ರೆ ಪಗಡೆ ಸಮೇತ, ಎರಡು ಸರ್ಕಾರಗಳು ‘ಸ್ಥಳಾಭಾವದಿಂದ’ ಹಿಡಿದಿಟ್ಟುಕೊಂಡವು. ಮುಂದಿನ ಸಂಚಿಕೆ ಬಂದದ್ದು 1974ರಲ್ಲಿ. ಆಗ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಕೂತು ತಲಾ 75,000 ಎಂದು ಸಮನಾಗಿ ಭಾಗ ಮಾಡಿದರು. ಹತ್ತು ವರ್ಷ ತಲೆ ಕೆಡಿಸಿಕೊಂಡು ಕಂಡುಹಿಡಿದ ಗಣಿತ: ಎರಡರಿಂದ ಭಾಗಿಸುವುದು.

ಹೀಗೆ ಬಂದವರಿಗೆ ಕೆಲಸ ಕೊಡಲೆಂದು ತಮಿಳುನಾಡು ಸರ್ಕಾರ 1968ರಲ್ಲಿ ಕಾಡು ಸವರಿ ಟೀ ಹಾಕಿಸಲು ಶುರುಮಾಡಿತು. 1976ರಲ್ಲಿ ಅದೇ ನಿಗಮವಾಗಿ ‘ಟ್ಯಾನ್‌ಟೀ’ ಆಯಿತು. ಚೇರಂಬಾಡಿ, ಚೇರಂಗೋಡು, ಕೊಲಪ್ಪಳ್ಳಿ, ನೆಲ್ಲಿಯಾಳಂ, ಎಲ್ಲ ಅದರ ವಿಭಾಗಗಳೇ. ಅಲ್ಲಿ ಸೊಪ್ಪು ಕಿತ್ತು ನಿವೃತ್ತಿಯಾದ ಹೆಂಗಸು ಕೇಳುವುದು ಒಂದೇ: ಕೆಲಸ ಮುಗಿಯಿತು, ಲೈನ್ ಮನೆ ಬಿಡು ಎನ್ನುತ್ತೀರಿ, ಎಲ್ಲಿಗೆ ಹೋಗಲಿ? ಅಲ್ಲಿ ಸಿಲೋನಿನವಳು ಅಲ್ಲ ಎಂದರು, ಇಲ್ಲಿ ಲೈನಿನವಳು ಅಲ್ಲ ಎನ್ನುತ್ತಾರೆ. ನಡುವೆ ಇದ್ದ ಮೂವತ್ತು ನಲವತ್ತು ವರ್ಷ ಅವಳು ಬರೀ ಹಾಜರಿ ಪುಸ್ತಕದಲ್ಲಿ ವಾಸವಿದ್ದಳೆಂದು ಕಾಣುತ್ತದೆ.

ಇನ್ನು ನೆಲದ ಪ್ರಶ್ನೆ. ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಉತ್ತರವನ್ನು ಮುಂದೂಡುವ ವಿದ್ಯೆಯಲ್ಲಿ ಇದು ಪಿಎಚ್‌.ಡಿ. ಮಟ್ಟದ್ದು.

ಚೇರಂಬಾಡಿಯೂ ಸೇರಿದ ಗೂಡಲೂರು ಸೀಮೆಯ ಸುಮಾರು 80,000 ಎಕರೆ ಒಂದು ಕಾಲಕ್ಕೆ ನಿಲಂಬೂರು ಕೋವಿಲಕ ಎಂಬ ಅರಸುಮನೆತನದ ಜನ್ಮಿ ಭೂಮಿ, ಅಂದರೆ ಜಮೀನ್ದಾರಿ. ಜಮೀನ್ದಾರಿ ಹೋಗಬೇಕೆಂದು 1969ರಲ್ಲಿ ತಮಿಳುನಾಡು ‘ಗೂಡಲೂರು ಜನ್ಮಂ ಎಸ್ಟೇಟು ರದ್ದಿಯಾತಿ’ ಕಾಯ್ದೆ ಮಾಡಿತು. ಜನ್ಮಿಗೆ ಇಷ್ಟು, ಗೇಣಿದಾರನಿಗೆ ಇಷ್ಟು ಎಂದು ಉಳಿದ ಸೆಕ್ಷನ್ನುಗಳು ಹೇಳಿದವು. ಸೆಕ್ಷನ್ 17 ಬಂದಿತು ನೋಡಿ. ಜನ್ಮಿಯಿಂದ ಗುತ್ತಿಗೆ ಪಡೆದ ತೋಟಗಳದ್ದು ಏನು? ಸದ್ಯಕ್ಕೆ ಗುತ್ತಿಗೆ ಮುಂದುವರಿಯಲಿ, ಬೇಕೆನಿಸಿದಾಗ ಸರ್ಕಾರ ರದ್ದುಮಾಡಲಿ. ಅಂದರೆ ಉತ್ತರವನ್ನು ಮುಂದೂಡಿದ್ದು ಗುಮಾಸ್ತನಲ್ಲ, ಕಾಯ್ದೆಯೇ! ಆ ನೆಲದಲ್ಲೇ ಮನೆ ಕಟ್ಟಿ, ನಾಲ್ಕು ಟೀ ಗಿಡ ನೆಟ್ಟು, ಮೊಮ್ಮಕ್ಕಳನ್ನು ಕಂಡವರಿಗೆ ಪಟ್ಟಾ ಇಲ್ಲ. ಪಟ್ಟಾ ಇಲ್ಲವೆಂದು ಎಷ್ಟೋ ಮನೆಗಳಿಗೆ ಕರೆಂಟು ಇಲ್ಲ. ಪೈಕಾರದಲ್ಲಿ 1932ರಿಂದ ವಿದ್ಯುತ್ತು ತೆಗೆಯುವ ಜಿಲ್ಲೆ ಇದು ಎಂಬುದನ್ನು ಅವರು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಓದಿಕೊಳ್ಳಬಹುದು.

ಈ ಕಾಯ್ದೆ ಸುಪ್ರೀಂ ಕೋರ್ಟಿಗೆ ಹೋಯಿತು. 1972ರಲ್ಲಿ ಬಾಲ್‌ಮಾಡೀಸ್ ಪ್ಲಾಂಟೇಷನ್ ಪ್ರಕರಣದಲ್ಲಿ ಕೋರ್ಟು ಅದರ ಒಂದು ಭಾಗವನ್ನು, ಕಾಡಿಗೆ ಸಂಬಂಧಿಸಿದ್ದನ್ನು, ಹೊಡೆದುಹಾಕಿತು. ಕೇಂದ್ರ ಸುಮ್ಮನಿರುತ್ತದೆಯೇ? 1974ರಲ್ಲಿ ಸಂವಿಧಾನಕ್ಕೇ 34ನೇ ತಿದ್ದುಪಡಿ ತಂದು ಆ ಕಾಯ್ದೆಯನ್ನು ಕೋರ್ಟಿನ ಕೈಗೆ ಸಿಗದಂತೆ ಒಂಬತ್ತನೇ ಪರಿಚ್ಛೇದದೊಳಗೆ ಬಚ್ಚಿಟ್ಟಿತು. ಹಾಗೆ ಬಚ್ಚಿಡಬಹುದೇ ಎಂಬುದು ಹೊಸ ಪ್ರಶ್ನೆ. ಅದು ಐವರು ನ್ಯಾಯಮೂರ್ತಿಗಳ ಮುಂದೆ ಬಂತು. 1999ರಲ್ಲಿ ಅವರು ಇದು ನಮಗೂ ದೊಡ್ಡದು ಎಂದು ಒಂಬತ್ತು ಮಂದಿಗೆ ದಾಟಿಸಿದರು. 2007ರ ಜನವರಿ 11ರಂದು ಆ ಒಂಬತ್ತು ಮಂದಿ ಐ.ಆರ್. ಕೊಯೆಲ್ಹೊ ಪ್ರಕರಣದ ತೀರ್ಪು ಕೊಟ್ಟರು: 1973ರ ಏಪ್ರಿಲ್ 24ರ ನಂತರ ಒಂಬತ್ತನೇ ಪರಿಚ್ಛೇದಕ್ಕೆ ಸೇರಿದ ಯಾವ ಕಾಯ್ದೆಯನ್ನೂ ಸಂವಿಧಾನದ ಮೂಲ ಸ್ವರೂಪದ ಒರೆಗಲ್ಲಿಗೆ ಹಚ್ಚಬಹುದು. ಘನವಾದ ತೀರ್ಪು. ದೇಶದ ಎಲ್ಲ ಕಾನೂನು ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ. ಗೂಡಲೂರಿನವನು ಕೇಳಿದ್ದು ‘ಸ್ವಾಮಿ, ಈ ನೆಲ ಯಾರದು?’ ಎಂದು. ಮೂರು ದಶಕ ದಾಟಿದ ಮೇಲೆ ಅವನಿಗೆ ಸಿಕ್ಕಿದ್ದು ಸಂವಿಧಾನದ ಮೂಲ ಸ್ವರೂಪ. ಅದನ್ನು ಬೆಳಿಗ್ಗೆ ಎದ್ದು ಗಂಜಿಗೆ ನಂಚಿಕೊಳ್ಳಬೇಕು.

ಇದೊಂದೇ ಅಲ್ಲ. ಅದೇ ನಿಲಂಬೂರು ಕೋವಿಲಕದ ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್, ಗೂಡಲೂರಿನ ಕಾಡು ಕಡಿಯುತ್ತಿದ್ದಾರೆ, ನಿಲ್ಲಿಸಿ ಎಂದು 1995ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1996ರ ಡಿಸೆಂಬರ್ 12ರಂದು ಇಡೀ ದೇಶದ ಕಾಡಿಗೆ ಅನ್ವಯಿಸುವ ಮಧ್ಯಂತರ ಆದೇಶ ಬಂತು. ಆಮೇಲೆ ಇನ್ನೊಂದು ಮಧ್ಯಂತರ, ಮತ್ತೊಂದು ಮಧ್ಯಂತರ. ಅರ್ಜಿದಾರರು 2016ರಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರಕರಣ ಇನ್ನೂ ಗಟ್ಟಿಮುಟ್ಟಾಗಿದೆ. ‘ಗೆದ್ದವ ಸೋತ, ಸೋತವ ಸತ್ತ’ ಎಂದು ಕೋರ್ಟಿನ ಬಗ್ಗೆ ಗಾದೆ ಕಟ್ಟಿದ ಹಿರಿಯರಿಗೆ ಗೆಲ್ಲದೆ, ಸೋಲದೆ ಬರೀ ಮುಂದುವರಿಯುವ ಈ ಮೂರನೇ ವರ್ಗ ಹೊಳೆದಿರಲಿಲ್ಲ. ಒಂದು ಮಾತು ಒಪ್ಪಬೇಕು: ಆ ಆದೇಶದಿಂದ ಮರಗಳು ಉಳಿದವು. ಮರಗಳು ಪ್ರಶ್ನೆ ಕೇಳುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಪತ್ರಿಕೆಯ ಪದ್ಧತಿಯಲ್ಲೇ ಚೇರಂಬಾಡಿಯ ಓದುಗರ ಮೂರು ಪ್ರಶ್ನೆಗಳನ್ನು ಕೈಗೆತ್ತಿಕೊಳ್ಳೋಣ. ಉತ್ತರಗಳು ನನ್ನವು, ದನಿ ಮಾತ್ರ ಸರ್ಕಾರದ್ದು.

ಪ್ರಶ್ನೆ: ಈ ತಿಂಗಳು ಫ್ಯಾಕ್ಟರಿಗೆ ಹಾಕಿದ ಟೀ ಸೊಪ್ಪಿಗೆ ಕಿಲೋಗೆ ಎಷ್ಟು?
ಉತ್ತರ: ಸೊಪ್ಪು ಮೊದಲು ಕೊಡಿ. ಹರಾಜಿನ ಸರಾಸರಿ ನೋಡಿ ಬೆಲೆ ಆಮೇಲೆ ತಿಳಿಸಲಾಗುವುದು. ಅಂಗಡಿಯಲ್ಲಿ ಅಕ್ಕಿ ಕೊಳ್ಳುವಾಗ ನೀವೂ ಇದೇ ಕ್ರಮ ಅನುಸರಿಸಬಹುದು, ಅಂಗಡಿಯವರು ಒಪ್ಪಿದರೆ.

ಪ್ರಶ್ನೆ: ನಮ್ಮ ಮನೆಗೆ ಪಟ್ಟಾ ಯಾವಾಗ?
ಉತ್ತರ: ಚುನಾವಣೆ ಯಾವಾಗ ಎಂದು ಕೇಳಿ. ಅದಕ್ಕೆ ತಾರೀಕು ಇರುತ್ತದೆ.

ಪ್ರಶ್ನೆ: ರಾತ್ರಿ ಅಂಗಳಕ್ಕೆ ಆನೆ ಬಂದರೆ ಯಾರಿಗೆ ಹೇಳಬೇಕು?
ಉತ್ತರ: ಇದಕ್ಕೆ ಮಾತ್ರ ತಮಾಷೆ ಬೇಡ. 2020ರ ಡಿಸೆಂಬರಿನಲ್ಲಿ ಚೇರಂಬಾಡಿಯ ಆಸುಪಾಸಿನಲ್ಲಿ ಒಂದೇ ಆನೆಗೆ ಮೂವರು ಬಲಿಯಾದರು. 2021ರ ಫೆಬ್ರುವರಿಯಲ್ಲಿ ಅರಿವಳಿಕೆ ಕೊಟ್ಟು, ಕುಮ್ಕಿ ಆನೆಗಳ ನಡುವೆ ಅದನ್ನು ತೆಪ್ಪಕಾಡಿನ ಶಿಬಿರಕ್ಕೆ ಒಯ್ದರು. ಮೂರು ಹೆಣ ಬಿದ್ದ ಮೇಲೆ ಎರಡೇ ತಿಂಗಳು. ಆ ತಾಲ್ಲೂಕಿನ ದಾಖಲೆಗಳಲ್ಲಿ ಇದನ್ನು ತ್ವರಿತ ವಿಲೇವಾರಿ ಎಂದೇ ಬರೆಯಬೇಕು.

ಅರ್ಜಿ ಕೊಡಲು ಜಾಗವಿಲ್ಲ ಎಂದು ಯಾರೂ ದೂರುವಂತಿಲ್ಲ. ಪ್ರತಿ ಸೋಮವಾರ ಊಟಿಯ ಕಲೆಕ್ಟರ್ ಕಚೇರಿಯಲ್ಲಿ ಕುಂದುಕೊರತೆ ದಿನ ಇದೆ. ಚೇರಂಬಾಡಿಯವನು ಪಂದಲೂರು, ದೇವಾಲ, ಗೂಡಲೂರು, ನಡುವಟ್ಟಂ ಹಾದು, ಅಷ್ಟೂ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ಒಂದು ದಿನದ ಕೂಲಿ ಬಿಟ್ಟು ಅಲ್ಲಿಗೆ ಮುಟ್ಟಿದರೆ ಒಂದು ರಸೀದಿ ಸಿಗುತ್ತದೆ. ಇದಲ್ಲದೆ ಜಮಾಬಂದಿ ಇದೆ, 2021ರಿಂದ ‘ಮುದಲ್ವರಿನ್ ಮುಗವರಿ’ ಇದೆ, 2025ರಲ್ಲಿ ‘ಉಂಗಳುಡನ್ ಸ್ಟಾಲಿನ್’ ಶಿಬಿರಗಳೂ ಬಂದವು. ಗಡಿಯ ಈಚೆ ನಾವೇನು ಕಡಿಮೆಯೇ? ಜನತಾ ದರ್ಶನ, ಜನಸ್ಪಂದನ, ಗ್ರಾಮ ವಾಸ್ತವ್ಯ. ಕುರ್ಚಿಯ ಮೇಲಿನವರು ಬದಲಾದಂತೆ ಶಾಮಿಯಾನದ ಮೇಲಿನ ಹೆಸರು ಬದಲಾಗುತ್ತದೆ. ಒಳಗೆ ಕೂತ ಅಜ್ಜ ಅವನೇ, ಅವನ ಪ್ಲಾಸ್ಟಿಕ್ ಚೀಲ ಅದೇ, ಅದರೊಳಗಿನ ಹಳೆಯ ರಸೀದಿಗಳ ಕಂತೆ ಮಾತ್ರ ದಪ್ಪ.

ನಮ್ಮ ಹಳ್ಳಿಗಳಲ್ಲಿ ಹಿಂದೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಬಂದ ಮೋಹಿನಿ ಅದನ್ನು ಓದಿ ಹಿಂತಿರುಗುತ್ತಿದ್ದಳಂತೆ. ಮರುದಿನ ಬಂದರೆ ಮತ್ತೆ ‘ನಾಳೆ ಬಾ’. ದೆವ್ವಕ್ಕೆಂದು ಕಂಡುಹಿಡಿದ ಈ ಉಪಾಯವನ್ನು ಪ್ರಜೆಗಳ ಮೇಲೆ ಪ್ರಯೋಗಿಸಿ ಗೆದ್ದ ಕೀರ್ತಿ ನಮ್ಮ ಕಚೇರಿಗಳಿಗೆ ಸಲ್ಲಬೇಕು. ದೆವ್ವಕ್ಕೂ ಪ್ರಜೆಗೂ ಒಂದು ಅನುಕೂಲದ ಹೋಲಿಕೆ ಇದೆ, ಇಬ್ಬರೂ ಅಕ್ಷರಕ್ಕೆ ಮರ್ಯಾದೆ ಕೊಡುತ್ತಾರೆ.

ಈ ವಿದ್ಯೆ ಎಷ್ಟು ಶಾಸ್ತ್ರೀಯವಾಗಿದೆ ಎಂದರೆ ಸಂಸತ್ತು ಇದಕ್ಕೊಂದು ಪದಕೋಶವನ್ನೇ ಇಟ್ಟುಕೊಂಡಿದೆ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಎಂಬುದೊಂದಿದೆ. ಮಂತ್ರಿಗಳು ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಂಡ ಮಾತುಗಳನ್ನು ಹೆಕ್ಕಿ, ಬೆನ್ನು ಹತ್ತುವುದು ಅದರ ಕೆಲಸ. ಯಾವ ಮಾತು ಭರವಸೆ ಎನಿಸಿಕೊಳ್ಳುತ್ತದೆ ಎಂಬುದಕ್ಕೆ ಪಟ್ಟಿಯಿದೆ: ‘ವಿಷಯ ಪರಿಶೀಲನೆಯಲ್ಲಿದೆ’, ‘ವಿಚಾರಿಸಿ ನೋಡುತ್ತೇನೆ’, ‘ಮಾನ್ಯ ಸದಸ್ಯರಿಗೆ ತಿಳಿಸುತ್ತೇನೆ’. ಹೀಗೆ ಹೇಳಿದವರು ಮೂರು ತಿಂಗಳೊಳಗೆ ಹೇಳಿದ್ದನ್ನು ಮಾಡಬೇಕು. ಆಗದಿದ್ದರೆ? ಇನ್ನಷ್ಟು ಕಾಲಾವಕಾಶ ಕೋರಬಹುದು. ಮುಂದೂಡಿದ ಉತ್ತರವನ್ನು ಮುಂದೂಡಲು ಅರ್ಜಿ! ಅದನ್ನು ಪರಿಶೀಲಿಸಲು ಸಮಿತಿ! ಸಾಬರಮತಿಯ ಮುದುಕ ಇದಕ್ಕಾಗಿಯೇ ಉಪ್ಪು ಎತ್ತಿದನೇ ಎಂದು ಯಾರಾದರೂ ಕೇಳಿದರೆ, ವಿಷಯ ಪರಿಶೀಲನೆಯಲ್ಲಿದೆ.

ಪತ್ರಿಕೆಯವರು ಇವರೆಲ್ಲರ ಮುಂದೆ ಎಳೆಯ ಮಕ್ಕಳು. ಅವರು ಕದ್ದದ್ದು ಹೆಚ್ಚೆಂದರೆ ಒಂದು ಅಂಚೆ ಚೀಟಿ, ಒಂದಿಷ್ಟು ಕಾಯುವಿಕೆ. ಆದರೆ ಜನರಿಗೆ ಕಾಯುವ ಅಭ್ಯಾಸ ಮಾಡಿಸಿದ ಪಾಪದಲ್ಲಿ ಅವರ ಪಾಲೂ ಇದೆ. ಭಾನುವಾರದ ಪುರವಣಿಯಲ್ಲಿ ಉತ್ತರಕ್ಕೆ ಕಾಯುವುದನ್ನು ಕಲಿತವನು ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ತಕರಾರು ಎತ್ತದೆ ಬೆಂಚಿನ ಮೇಲೆ ಕೂರುತ್ತಾನೆ.

ಆದ್ದರಿಂದ ಸಂಪಾದಕರಲ್ಲಿ ಒಂದು ವಿನಂತಿ. ಉತ್ತರ ಗೊತ್ತಿದ್ದರೆ ಈ ವಾರವೇ ಹಾಕಿ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದು ಈ ವಾರವೇ ಹಾಕಿ. ಅದಕ್ಕೆ ಜಾಗವೂ ಕಡಿಮೆ ಸಾಕು. ಓದುಗರಿಗೆ ಇನ್ನೊಂದು ಮಾತು. ಪ್ರಶ್ನೆಯ ಕೆಳಗೆ ತಾರೀಕು ಬರೆಯಿರಿ, ನಕಲು ಇಟ್ಟುಕೊಳ್ಳಿ. ಸರ್ಕಾರಕ್ಕೆ ಕೇಳುವುದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಲ್ಲೇ ಕೇಳಿ: ಶುಲ್ಕ 10 ರೂಪಾಯಿ, ಗಡುವು 30 ದಿನ. ಮೂವತ್ತೊಂದನೇ ದಿನ ಮೇಲ್ಮನವಿ ಹಾಕುವುದನ್ನು ಮರೆಯಬೇಡಿ.