ಓಟು ಹಾಳಾಗದಂತೆ ಕಾಯುವ ಮಹನೀಯರಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಎರಡೂ ದೊಡ್ಡ ಪಕ್ಷಗಳ ಬೂತ್ ಏಜೆಂಟರಿಗೆ ಶರಣು ಶರಣಾರ್ಥಿ.

ಮತಗಟ್ಟೆಯಿಂದ ದೂರಕ್ಕೆ ಟೇಬಲ್ ಹಾಕಿಕೊಂಡು, ಚೀಟಿ ಬರೆದುಕೊಡುತ್ತಲೇ ನೀವು ಕಿವಿಯಲ್ಲಿ ಹೇಳುತ್ತೀರಿ: "ಯಜಮಾನ್ರ, ಗೆಲ್ಲೋರಿಗೆ ಹಾಕ್ರಿ. ಓಟು ಹಾಳ ಮಾಡ್ಕೋಬ್ಯಾಡ್ರಿ." ಓಟಿನ ಮೇಲಿನ ಈ ಕಾಳಜಿ ಮಲಪ್ರಭೆಯ ನೀರಿನ ಮೇಲೂ ಇದ್ದಿದ್ದರೆ ಕಾಲುವೆಯ ಕಟ್ಟಕಡೆಯ ಹೊಲವೂ ಹಸಿಯಾಗುತ್ತಿತ್ತು.

ಉಪದೇಶ ಪಾಲಿಸಲು ನಾವು ಸಿದ್ಧ. ಆದರೆ ಲೆಕ್ಕ ತಾಳೆಯಾಗುತ್ತಿಲ್ಲ. 2018ರಲ್ಲಿ ಬೈಲಹೊಂಗಲದಲ್ಲಿ ಬಿಜೆಪಿ ಟಿಕೆಟ್ ತಪ್ಪಿದ ಜಗದೀಶ ಮೆಟಗುಡ್ಡ ಪಕ್ಷೇತರರಾಗಿ ನಿಂತರು. ಎಣಿಕೆ ಮುಗಿದಾಗ ಮೊದಲನೆಯವರು ಕಾಂಗ್ರೆಸ್ಸಿನ ಮಹಾಂತೇಶ ಕೌಜಲಗಿ, ಎರಡನೆಯವರು ಮೆಟಗುಡ್ಡ, ಕಮಲಕ್ಕೆ ಮೂರನೇ ಸ್ಥಾನ. ಅದೇ ವರ್ಷ ಸವದತ್ತಿಯಲ್ಲಿ ಬಿಜೆಪಿಯ ಆನಂದ ಮಾಮನಿ ಗೆದ್ದರು, ಪಕ್ಷೇತರ ಆನಂದ ಚೋಪ್ರಾ ಎರಡನೆಯವರಾದರು, ಕೈ ಮೂರಕ್ಕಿಳಿಯಿತು. ನಿಮ್ಮದೇ ಶಾಸ್ತ್ರದ ಪ್ರಕಾರ ಬೈಲಹೊಂಗಲದಲ್ಲಿ ಹಾಳಾದದ್ದು ಕಮಲದ ಓಟು, ಸವದತ್ತಿಯಲ್ಲಿ ಹಾಳಾದದ್ದು ಕೈ ಓಟು. ಓಟು ಒಡೆದ ತಪ್ಪಿಗೆ ಅಧಿಕೃತ ಅಭ್ಯರ್ಥಿಗಳಿಗೆ ನೋಟಿಸು ಹೋಯಿತೇ?

ಬೈಲಹೊಂಗಲದ್ದು ಇನ್ನೂ ಸೊಗಸು. 2013ರಲ್ಲಿ ಡಾ. ವಿಶ್ವನಾಥ ಪಾಟೀಲರು ಕೆಜೆಪಿಯ ತೆಂಗಿನಕಾಯಿ ಹಿಡಿದು, ಕಮಲದ ಮೆಟಗುಡ್ಡರ ಎದುರು ಗೆದ್ದರು. 2018ರಲ್ಲಿ ಕಮಲ ಪಾಟೀಲರ ಕೈಗೆ ಬಂತು, ಮೆಟಗುಡ್ಡ ಪಕ್ಷೇತರರಾದರು. 2023ರಲ್ಲಿ ಕಮಲ ಮತ್ತೆ ಮೆಟಗುಡ್ಡರಿಗೆ, ಪಾಟೀಲರು ಪಕ್ಷೇತರ. ಇಬ್ಬರೂ ಇದ್ದಲ್ಲೇ ಇದ್ದಾರೆ, ಓಡಾಡಿದ್ದು ಬಿ ಫಾರಂ ಒಂದೇ. ಅದರ ಹಿಂದೆ ನಿಮ್ಮ ಟೇಬಲ್ಲೂ ಓಡಿತು. ರಾಮದುರ್ಗದಲ್ಲಂತೂ 2023ರಲ್ಲಿ ಹಾಲಿ ಶಾಸಕರಿಗೇ ಬಿಜೆಪಿ ಟಿಕೆಟ್ ತಪ್ಪಿತು. ಹಿಂದಿನ ಸಲ ಅವರಿಗೆ ಬಿದ್ದ ಓಟು ಸಾರ್ಥಕವೋ, ಹಾಳೋ? ತಿಳಿದವರು ತಿಳಿಸಬೇಕು.

ಕಿತ್ತೂರಿನ ಹಿರಿಯರನ್ನು ಮಾತ್ರ ಕೇಳಬೇಡಿ. 1989ರಲ್ಲಿ ರಾಜ್ಯಕ್ಕೆ ರಾಜ್ಯವೇ ಕಾಂಗ್ರೆಸ್ಸಿಗೆ ಒಲಿದಾಗ ಈ ಜನ ರೈತ ಸಂಘದ ಬಾಬಾಗೌಡ ಪಾಟೀಲರಿಗೆ ಓಟು ಹಾಕಿ ಗೆಲ್ಲಿಸಿಬಿಟ್ಟರು. ಬಾಬಾಗೌಡರು ಧಾರವಾಡ ಗ್ರಾಮೀಣದಲ್ಲೂ ಗೆದ್ದರು. ಅವರು ಬಿಟ್ಟುಕೊಟ್ಟ ಆ ಕ್ಷೇತ್ರದಿಂದ ಉಪಚುನಾವಣೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ವಿಧಾನಸಭೆಗೆ ಹೋದರು. ಹಾಳಾದ ಓಟಿಗೆ ಇಬ್ಬರು ಶಾಸಕರು! ಮುಂದೆ 1998ರಲ್ಲಿ ಬಾಬಾಗೌಡರು ಬಿಜೆಪಿಯಿಂದ ಬೆಳಗಾವಿಯ ಸಂಸದರಾಗಿ ಕೇಂದ್ರ ಮಂತ್ರಿಯೂ ಆದರು ಎಂದು ನೀವು ನಗಬಹುದು. ನಗಿರಿ, ಆ ಅಂಕ ನಿಮಗೇ ಇರಲಿ. ಆದರೆ ಮೊದಲು ಹಸಿರು ಶಾಲಿಗೆ ಓಟು ಬೀಳದಿದ್ದರೆ ನೀವು ಅವರ ಮನೆ ಬಾಗಿಲಿಗೆ ಹೋಗುತ್ತಿದ್ದಿರಾ?

ಗುಟ್ಟು ಅಲ್ಲೇ ಇದೆ. ಹುಟ್ಟಿದಾಗಿನಿಂದ ಒಂದೇ ಗುರುತಿಗೆ ಒತ್ತುವವನ ಓಟನ್ನು ನೀವು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಮನೆಯೊಳಗಿನ ದನ. ಮೂರನೆಯವರಿಗೆ ಎಷ್ಟು ಬಿತ್ತೆಂದು ಮಾತ್ರ ರಾತ್ರಿಯಿಡೀ ಬೂತ್‌ವಾರು ಎಣಿಸಿ, ಮುಂದಿನ ಟಿಕೆಟ್ಟನ್ನು ಅದರ ಮೇಲೆ ತೂಗುತ್ತೀರಿ. ಅಂದಮೇಲೆ ನಿಮ್ಮ ಕಣ್ಣಿಗೆ ಬೀಳಬೇಕಾದರೆ ಓಟು ಹಾಳಾಗಲೇಬೇಕು.

ಆದ್ದರಿಂದ ಒಂದು ವಿನಂತಿ. ಮುಂದಿನ ಚುನಾವಣೆಯಲ್ಲಿ ಟೇಬಲ್ ಮೇಲೆ ಒಂದು ಬೋರ್ಡು ಇಡಿ: ಈ ಸಲ ಯಾರಿಗೆ ಹಾಕಿದರೆ ಹಾಳು, ಹೋದ ಸಲ ಅವರೇ ಯಾವ ಪಕ್ಷದಲ್ಲಿದ್ದರು, ಮುಂದಿನ ಸಲ ಎಲ್ಲಿರುತ್ತಾರೆ. ಓದಿಕೊಂಡೇ ಒಳಗೆ ಹೋಗುತ್ತೇವೆ.

ಇಂತಿ,
ಓಟು ಹಾಳು ಮಾಡಿದ, ಇನ್ನೂ ಮಾಡಲಿರುವ
ನಾಲ್ಕು ತಾಲ್ಲೂಕಿನ ಮತದಾರ